ಕಾಳುಮೆಣಸಿನ ಸಸಿ ಕೊಳೆಯುವುದು: ಬಳ್ಳಿ ಕತ್ತರಿಸುವ ಮುನ್ನ ಏನು ಮಾಡಬೇಕು?

ಕಾನಂಚು (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಲ್ಲಿ ಐದು ವರ್ಷಗಳಿಂದ ಚಿಕ್ಕದೊಂದು ನರ್ಸರಿ ನಡೆಸುತ್ತಿದ್ದೇನೆ. ದಾಸವಾಳ, ಮಲ್ಲಿಗೆ, ಲಿಂಬೆ ಗಿಡಗಳೂ ಇವೆಯಾದರೂ ಹೆಚ್ಚು ಬೇಡಿಕೆಯಿರುವುದು ಕಾಳುಮೆಣಸಿನ ಸಸಿಗಳಿಗೆ. ಕಳೆದ ವರ್ಷ ಫೆಬ್ರವರಿ ಕೊನೆಯಲ್ಲಿ ಪಣಿಯೂರು-1 ತಳಿಯ ಹಬ್ಬುಬಳ್ಳಿಗಳನ್ನು (ಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಹರಡುವ ಕುಡಿಗಳನ್ನು) ಕತ್ತರಿಸಿ 1200 ಕೊಟ್ಟೆಗಳಲ್ಲಿ (ಪಾಲಿಥೀನ್ ಚೀಲಗಳಲ್ಲಿ) ನೆಟ್ಟಿದ್ದೆ. ಚಿಗುರು ಚೆನ್ನಾಗಿಯೇ ಬಂತು. ಆದರೆ ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ತಡ, ಎಲೆಗಳ ಮೇಲೆ ಕಪ್ಪು ಕಲೆಗಳೆದ್ದು, ಕಾಂಡ ಬುಡದಿಂದ ಕಪ್ಪಾಗಿ, ಹದಿನೈದು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಸಿಗಳು ಸತ್ತುಹೋದವು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎರಡು ಬಾರಿ ಸಿಂಪಡಿಸಿದರೂ ಪ್ರಯೋಜನವಾಗಲಿಲ್ಲ. ಕೊಟ್ಟೆಗೆ ತುಂಬಿದ್ದು ನಮ್ಮ ಅಡಿಕೆ ತೋಟದ ಕಪ್ಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ. ನೀರನ್ನು ದಿನಕ್ಕೆರಡು ಬಾರಿ ಪೈಪಿನಿಂದ ಹಾಯಿಸುತ್ತಿದ್ದೆ. ಊರಿನ ನಾಲ್ಕು ಮನೆಯವರು ಈ ವರ್ಷವೂ ಸಸಿ ಕೇಳಿದ್ದಾರೆ. ಸಸಿಯ ಜೊತೆಗೆ ಅವರ ತೋಟಕ್ಕೆ ರೋಗವನ್ನೂ ಕೊಟ್ಟಂತಾಗಬಾರದು ಎಂಬುದೇ ನನ್ನ ದೊಡ್ಡ ಚಿಂತೆ. ರಥಸಪ್ತಮಿ ಈಗಷ್ಟೇ ಕಳೆದಿದೆ. ಈ ಬಾರಿ ಕೆಲಸವನ್ನು ಎಲ್ಲಿಂದ ಆರಂಭಿಸಲಿ?

ಹಳೆಮಡಿ (ಶಿರಸಿ)

ತಾವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಶೀಘ್ರ ಸೊರಗು ರೋಗವನ್ನು ತರುವ ಫೈಟಾಫ್ತೊರಾ ಎಂಬ ರೋಗಾಣುವೇ ಎಂದು ತೋರುತ್ತದೆ. ಮಳೆ ಬಂದ ಮೇಲೆ ಕಾಣಿಸಿಕೊಂಡಿತೆಂದ ಮಾತ್ರಕ್ಕೆ ಅದು ಮಳೆಯೊಡನೆ ಬಂದದ್ದಲ್ಲ. ತೋಟದಿಂದ ತಂದ ಮಣ್ಣಿನಲ್ಲಿಯೇ ಇದ್ದು ತೇವಕ್ಕಾಗಿ ಕಾಯುತ್ತಿತ್ತು. ಅಡಿಕೆ, ಬಾಳೆ, ಶುಂಠಿ ಬೆಳೆದ ಜಾಗದ ಮಣ್ಣು ನೋಡಲು ಎಷ್ಟೇ ಫಲವತ್ತಾಗಿದ್ದರೂ ಮೆಣಸಿನ ಕೊಟ್ಟೆಗೆ ಸಲ್ಲದು, ಏಕೆಂದರೆ ಮೆಣಸಿನ ಬೇರನ್ನು ತಿಂದು ನಿಧಾನ ಸೊರಗಿಗೆ ಕಾರಣವಾಗುವ, ಮಣ್ಣಿನಲ್ಲಿರುವ ಅತಿ ಸಣ್ಣ ಜಂತುಹುಳುಗಳು (ನೆಮಟೋಡ್) ಆ ಬೆಳೆಗಳ ಬೇರಿನಲ್ಲಿಯೂ ಬದುಕುತ್ತವೆ. ನಾನೂ ಒಂದು ವರ್ಷ ಇದೇ ತಪ್ಪು ಮಾಡಿ, ಒಂದು ಚಪ್ಪರದಷ್ಟು ಸಸಿಗಳನ್ನು ಸುಟ್ಟುಹಾಕಬೇಕಾಯಿತು.

ಆದ್ದರಿಂದ ಬಳ್ಳಿಗೆ ಈಗಲೇ ಕತ್ತರಿ ಹಾಕಬೇಡಿ, ಮೊದಲು ಮಣ್ಣಿನ ಕೆಲಸ ಮುಗಿಸಿ. ಬೆಳೆ ಬೆಳೆಯದ ಬೇಣದಿಂದ ಮಣ್ಣು ತಂದು, ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರದಂತೆ ಬೆರೆಸಿಕೊಳ್ಳಿ. ದಿನವಿಡೀ ಬಿಸಿಲು ಬೀಳುವ ಅಂಗಳದಲ್ಲಿ ಅದನ್ನು ಗೇಣುದ್ದಕ್ಕಿಂತ ದಪ್ಪವಾಗದಂತೆ ಹರಡಿ, ನೀರು ಚಿಮುಕಿಸಿ ಹದವಾಗಿ ನೆನೆಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳ ಮೇಲೆ ಮಣ್ಣು ಏರಿಸಿ ಗಾಳಿಯಾಡದಂತೆ ಮುಚ್ಚಬೇಕು. ಕಪ್ಪು ಹಾಳೆ ಬೇಡ. ಬಿಸಿಲು ಹಾಳೆಯನ್ನು ದಾಟಿ ಮಣ್ಣಿಗೇ ತಾಗಿದರೆ ಮಾತ್ರ ಒಳಗಿನ ಕಾವು ಸಾಕಷ್ಟು ಏರುತ್ತದೆ. ಒಣ ಮಣ್ಣಿಗಿಂತ ತೇವದ ಮಣ್ಣಿನಲ್ಲಿ ಕಾವು ಆಳಕ್ಕಿಳಿಯುವುದರಿಂದ ನೆನೆಸುವ ಕೆಲಸವನ್ನು ಬಿಡುವಂತಿಲ್ಲ. ಹೀಗೆ 40ರಿಂದ 45 ದಿನ ಬಿಟ್ಟರೆ ಯುಗಾದಿಯ ಹೊತ್ತಿಗೆ ಕೊಟ್ಟೆ ತುಂಬಬಹುದು.

ಈ ಕಾವಿಗೆ ಒಳ್ಳೆಯ ಜೀವಾಣುಗಳೂ ಕಡಿಮೆಯಾಗುತ್ತವೆ. ಹಾಳೆ ತೆಗೆದು ಮಣ್ಣು ಆರಿದ ನಂತರ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ನೆರಳಿನಲ್ಲಿ ಎರಡು ವಾರ ತೇವವಾಗಿಟ್ಟ ಗೊಬ್ಬರವನ್ನು ಸ್ವಲ್ಪ ಸೇರಿಸಿ. ಬೋರ್ಡೋ ದ್ರಾವಣವನ್ನು ಅದೇ ಮಣ್ಣಿಗೆ ಸುರಿಯಬೇಡಿ, ಮೈಲುತುತ್ತ ಆ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಮೂರ್ಕಲ್ಲು (ಮೂಡಿಗೆರೆ)

ಮಣ್ಣಿನ ವಿಚಾರದಲ್ಲಿ ಮೇಲಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಯುಗಾದಿಯ ಬಿಸಿಲಿನಲ್ಲಿ ನೆಟ್ಟ ಕಡ್ಡಿ ಬಾಡುವುದು ಬೇಗ ಎಂಬುದನ್ನೂ ಗಮನದಲ್ಲಿಡಬೇಕು. ಚಪ್ಪರದ ಪಶ್ಚಿಮ ಮಗ್ಗುಲಿಗೂ ನೆರಳು ಪರದೆ ಕಟ್ಟಿದರೆ ಮಾತ್ರ ತಡವಾದ ನಾಟಿ ನಡೆಯುತ್ತದೆ. ಪೈಪಿನ ನೀರನ್ನು ದಯವಿಟ್ಟು ನಿಲ್ಲಿಸಿ. ರಭಸದ ನೀರು ಒಂದು ಕೊಟ್ಟೆಯ ಮಣ್ಣನ್ನು ಪಕ್ಕದ ಸಸಿಯ ಎಲೆಗೆ ಸಿಡಿಸುತ್ತದೆ, ರೋಗ ಸಾಲಿನಿಂದ ಸಾಲಿಗೆ ಹೋಗುವ ದಾರಿಯೇ ಅದು. ಸಣ್ಣ ತೂತಿನ ಪೂವಾಳಿಯಿಂದ ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಚಿಮುಕಿಸಿದರೆ ಸಾಕು. ಕೊಟ್ಟೆಯ ತಳದ ತೂತುಗಳಿಂದ ನೀರು ಬಸಿಯುತ್ತಿದೆಯೇ ಎಂದು ನೋಡಿಕೊಳ್ಳಿ.

ನನ್ನ ಅನುಭವದಲ್ಲಿ ಮಣ್ಣಿನಷ್ಟೇ ಮುಖ್ಯವಾದದ್ದು ತಾಯಿಬಳ್ಳಿ. ಐದರಿಂದ ಹನ್ನೆರಡು ವರ್ಷದ, ಪ್ರತಿವರ್ಷವೂ ತಪ್ಪದೆ ಕರೆ (ಕಾಳಿನ ತೆನೆ) ಕಟ್ಟುವ ಬಳ್ಳಿಯನ್ನು ಕೊಯ್ಲಿನ ಸಮಯದಲ್ಲೇ ಗುರುತಿಸಿಟ್ಟುಕೊಳ್ಳಬೇಕು. ಎಲೆ ಕಿರಿದಾಗಿ ಮುದುಡಿದ, ಹಳದಿ ಮಚ್ಚೆಯಿರುವ ಬಳ್ಳಿ ನಂಜುರೋಗದ್ದು (ವೈರಸ್ ತಗುಲಿದ್ದು). ಅದರಿಂದ ತೆಗೆದ ಪ್ರತಿಯೊಂದು ಕಡ್ಡಿಯೂ ರೋಗವನ್ನು ಹೊತ್ತೇ ಹೋಗುತ್ತದೆ, ಅದಕ್ಕೆ ಯಾವ ಸಿಂಪಡಣೆಯೂ ಪರಿಹಾರವಲ್ಲ. ಹಬ್ಬುಬಳ್ಳಿಯ ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು ನಡುವಿನ ಭಾಗವನ್ನು ಎರಡು ಮೂರು ಗಣ್ಣಿಗೊಂದರಂತೆ ಕತ್ತರಿಸಿ, ತೊಟ್ಟು ಉಳಿಸಿ ಎಲೆ ಚಿವುಟಿ, ಕನಿಷ್ಠ ಒಂದು ಗಣ್ಣು ಮಣ್ಣಿನೊಳಗಿರುವಂತೆ ನೆಡಿ.

ಕಾನಂಚು

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಮನೆಯ ಮೇಲಿನ ಬೇಣದಲ್ಲಿ ಕೆಮ್ಮಣ್ಣು ಇದೆ, ನಾಳೆಯೇ ತರಿಸುತ್ತೇನೆ. ಇನ್ನೊಂದು ಸಂಶಯವಿದೆ. ಮಳೆಗಾಲ ಮುಗಿದ ಮೇಲೆ ಹಬ್ಬುಬಳ್ಳಿಗಳನ್ನು ಗೂಟಕ್ಕೆ ಸುತ್ತಿಟ್ಟಿದ್ದೆ, ಆದರೆ ಗೂಟ ಬಾಗಿ ಕೆಲವು ಸುರುಳಿಗಳು ತೋಟದ ನೆಲದ ಮೇಲೆ ಬಿದ್ದು ಬೇರು ಬಿಟ್ಟಿವೆ. ಬೇರು ಇರುವ ಕಡ್ಡಿ ಬೇಗ ಹಿಡಿಯುತ್ತದೆಯಲ್ಲವೇ, ಅವನ್ನು ಬಳಸಬಹುದೇ?

ಹಳೆಮಡಿ

ಬೇಗ ಹಿಡಿಯುತ್ತದೆ ನಿಜ, ಆದರೆ ಬಳಸಬೇಡಿ. ಗೂಟಕ್ಕೆ ಸುತ್ತುವುದೇ ಬಳ್ಳಿ ನೆಲದ ಮಣ್ಣನ್ನು ಮುಟ್ಟಬಾರದೆಂದು. ಆ ಬೇರಿನಲ್ಲಿ ತೋಟದ ಮಣ್ಣು ಅಂಟಿರುತ್ತದೆ, ಜಂತುಹುಳುವೂ ಒಳಸೇರಿರಬಹುದು; 45 ದಿನ ಬಿಸಿಲಿಗಿಟ್ಟು ಶುದ್ಧ ಮಾಡಿದ ಮಣ್ಣಿಗೆ ಅದನ್ನು ಊರಿದರೆ ಅಷ್ಟೂ ಶ್ರಮ ವ್ಯರ್ಥವಾಗುತ್ತದೆ. ನೆಲ ಮುಟ್ಟಿದ ಭಾಗವನ್ನು ಕತ್ತರಿಸಿ ಬಿಟ್ಟು, ಗೂಟದ ಮೇಲೆ ಉಳಿದಿರುವುದನ್ನು ಇವತ್ತೇ ಎತ್ತಿ ಕಟ್ಟಿ. ಈ ವರ್ಷ 1200ರ ಬದಲು 700 ಸಸಿಗಳಾದರೂ ಚಿಂತೆಯಿಲ್ಲ, ಆ ನಾಲ್ಕು ಮನೆಗಳಿಗೆ ಅಷ್ಟನ್ನೇ ಹಂಚಿಕೊಡಿ.