ಅತ್ತೆಯ ರಿಪೋರ್ಟ್‌ನಲ್ಲಿ ಇಯೊಸಿನೊಫಿಲ್ ಸೊನ್ನೆ ಇದೆ, ಹೆದರಬೇಕಾ?

ಬ್ರಹ್ಮಾವರದ ಸೊಸೆ:
ನಮ್ಮ ಅತ್ತೆಗೆ 71, ಸಿಒಪಿಡಿ ಇದೆ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಬೀಡಿ ಮುಟ್ಟಿದವರಲ್ಲ, ಕುಡಿದದ್ದೆಲ್ಲ ಒಲೆಯ ಹೊಗೆ. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು, ಆದ್ರೂ ಬಚ್ಚಲ ಹಂಡೆಗೆ ಮಡಲು, ತೆಂಗಿನ ಸಿಪ್ಪೆ ಹಾಕಿ ಬೆಂಕಿ ಮಾಡುವುದನ್ನು ಬಿಡಲಿಲ್ಲ, ಮಳೆಗಾಲದಲ್ಲಿ ಅದೂ ಒದ್ದೆ ಬೇರೆ. ಈಗ ದಮ್ಮು ಜಾಸ್ತಿಯಾಗಿ, ಕಫ ಹಸಿರಾಗಿ, ಉಡುಪಿಯಲ್ಲಿ ಅಡ್ಮಿಟ್ ಮಾಡಿದ್ದೇವೆ. ರಿಪೋರ್ಟ್: ಬಿಳಿ ರಕ್ತಕಣ 13,400, ಅದರ ಬಗೆಗಳಲ್ಲಿ ನ್ಯೂಟ್ರೊಫಿಲ್ 88%, ಲಿಂಫೊಸೈಟ್ 8%, ಇಯೊಸಿನೊಫಿಲ್ 0, ಸಿಆರ್‌ಪಿ (ಸೋಂಕು, ಉರಿಯೂತ ಇದ್ರೆ ರಕ್ತದಲ್ಲಿ ಏರುವ ಪ್ರೋಟೀನ್) 62. ಮೈದುನ ಗೂಗಲ್ ನೋಡಿ, 88ನ್ನು 8ರಿಂದ ಭಾಗಿಸಿ, ಎನ್‌ಎಲ್‌ಆರ್ (ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತ) 11 ಬಂತು, ಇದು ಡೇಂಜರ್ ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾನೆ. ಅಲ್ಲಿಂದ ಯಾರಿಗೂ ನಿದ್ದೆ ಇಲ್ಲ. ಡಾಕ್ಟ್ರು ರೌಂಡ್ಸಿಗೆ ಬಂದಾಗ ಕೇಳೋಣ ಅಂದ್ರೆ ಎರಡು ನಿಮಿಷ ನಿಲ್ಲುವುದಿಲ್ಲ.

ಲ್ಯಾಬ್ ಭಟ್ರು:
ಮೊದಲು ಒಂದು ಹೇಳಿ ಮಾರಾಯ್ರೆ, ರಕ್ತ ತೆಗೆದದ್ದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವ ಮೊದಲಾ, ಆಮೇಲಾ? ಹೈಡ್ರೊಕಾರ್ಟಿಸೋನ್ ಅಥವಾ ಡೆಕ್ಸಾ ಒಳಗೆ ಹೋದ ಕೆಲವೇ ಗಂಟೆಯಲ್ಲಿ ಇಯೊಸಿನೊಫಿಲ್ ನೆಲ ಕಚ್ಚುತ್ತದೆ, ಲಿಂಫೊಸೈಟ್ ಇಳಿಯುತ್ತದೆ, ನ್ಯೂಟ್ರೊಫಿಲ್ ಏರುತ್ತದೆ. ಆಗ ಮೈದುನ ಭಾಗಿಸಿದ್ದು ರೋಗವನ್ನಲ್ಲ, ಇಂಜೆಕ್ಷನನ್ನು. ನಮ್ಮ ಟೇಬಲ್‌ಗೆ ಬರುವ ಚೀಟಿಯಲ್ಲಿ ಇದನ್ನು ಯಾರೂ ಬರೆಯುವುದೇ ಇಲ್ಲ, ಅದೇ ಬೇಜಾರು.

ಎದೆರೋಗ ಪಿಜಿ, ಮಂಗಳೂರು:
ಭಟ್ರು ಕೇಳಿದ್ದೇ ಮುಖ್ಯ ಪ್ರಶ್ನೆ. ಆದ್ರೆ ಮೈದುನ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಿಒಪಿಡಿ ಹೀಗೆ ಉಲ್ಬಣ ಆದಾಗ ಎನ್‌ಎಲ್‌ಆರ್ ಜಾಸ್ತಿ ಇದ್ದವರಲ್ಲಿ ಸಾವಿನ ಅಪಾಯ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಗುಂಪಿನ ಲೆಕ್ಕಕ್ಕೆ ಅದು ಸರಿ. ಹಾಸಿಗೆಯಲ್ಲಿರುವ ಒಬ್ಬರ ಬಗ್ಗೆ ಆ ಒಂದೇ ನಂಬರ್ ಹಿಡಿದು ಭವಿಷ್ಯ ಹೇಳಲು ಆಗುವುದಿಲ್ಲ. ಇಯೊಸಿನೊಫಿಲ್ ಕೂಡ ಹಾಗೆಯೇ. 2012ರಲ್ಲಿ ಇಂಗ್ಲೆಂಡಿನಲ್ಲಿ 920 ರೋಗಿಗಳನ್ನು ನೋಡಿ ಉಲ್ಬಣ ಆಗಿ ಅಡ್ಮಿಟ್ ಆದವರ ಸಾವಿನ ಅಪಾಯ ಅಳೆಯಲು ಡಿಕ್ಯಾಫ್ ಅಂತ ಒಂದು ಸ್ಕೋರ್ ಮಾಡಿದ್ರು. ಅದರಲ್ಲಿ ಇಯೊಸಿನೊಫಿಲ್ (ಶೇಕಡಾ ಅಲ್ಲ, ಒಂದು ಮೈಕ್ರೊಲೀಟರ್ ರಕ್ತದಲ್ಲಿನ ಎಣಿಕೆ) 50ಕ್ಕಿಂತ ಕಡಿಮೆ ಇದ್ರೆ ಒಂದು ಅಂಕ. ಆದ್ರೆ ಒಟ್ಟು ಆರು ಅಂಕ ಇದೆ ಅಲ್ವಾ? ಉಳಿದದ್ದು ಕಾಯಿಲೆ ಏರುವ ಮೊದಲು ಎಷ್ಟು ಏದುಸಿರು ಇತ್ತು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಇದೆಯಾ, ರಕ್ತದ ಪಿಎಚ್ 7.30ಕ್ಕಿಂತ ಕೆಳಗೆ ಹೋಗಿದೆಯಾ, ಹೃದಯದ ಬಡಿತ ತಪ್ಪುತ್ತಿದೆಯಾ, ಇದೆಲ್ಲ ಸೇರಿ. ಸೊನ್ನೆ ಅಥವಾ ಒಂದು ಬಂದ್ರೆ ಅಪಾಯ ಕಡಿಮೆ, ಮೂರು ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ನಾವು ಕಣ್ಣಿಟ್ಟು ನೋಡುತ್ತೇವೆ. ನನ್ನನ್ನು ಕೇಳಿದ್ರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಪಿಎಚ್, ಆಕ್ಸಿಜನ್ ನೋಡುವ ಎಬಿಜಿ ರಿಪೋರ್ಟ್ ಮೊದಲು ಹುಡುಕಿ.

ಸಿಆರ್‌ಪಿ 62 ಅಂದ್ರೆ, ಹಸಿರು ಕಫವೂ ಇರುವಾಗ, ಆಂಟಿಬಯಾಟಿಕ್ ಕೊಟ್ಟದ್ದು ಸರಿಯೇ. ಬ್ರಿಟನ್ನಿನಲ್ಲಿ 2019ರ ಒಂದು ಪ್ರಯೋಗದಲ್ಲಿ 20ಕ್ಕಿಂತ ಕಡಿಮೆಗೆ ಬೇಡ, 40 ದಾಟಿದ್ರೆ ಉಪಯೋಗ ಆಗಬಹುದು ಅಂತ ಗೆರೆ ಹಾಕಿಕೊಂಡಿದ್ರು. ಅದು ಕ್ಲಿನಿಕ್‌ಗೆ ಬರುವವರಿಗೆ ಮಾಡಿದ್ದು, ಆದ್ರೂ ಅಂದಾಜಿಗೆ ಸಾಕು.

ಸುರತ್ಕಲ್ ಬಾಬಣ್ಣ:
ನಮ್ಮ ಅಪ್ಪನ ಅನುಭವದಿಂದ ಒಂದು ಮಾತು. ಆಕ್ಸಿಜನ್ ಅಳೆಯುವ ಬೆರಳಿನ ಮೆಷಿನ್ 90 ತೋರಿಸಿತು ಅಂತ ಸುಮ್ನೆ ಆಕ್ಸಿಜನ್ ಏರಿಸಲು ಹೇಳಬೇಡಿ. ಸಿಒಪಿಡಿಯವರಿಗೆ 88ರಿಂದ 92 ಇದ್ರೆ ಸಾಕು, ಜಾಸ್ತಿ ಕೊಟ್ರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ ಅಂತ ಸಿಸ್ಟರ್ ನನಗೆ ಬೈದಿದ್ರು.

ಬ್ರಹ್ಮಾವರದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಕೇಳಿ ನೋಡಿದೆ, ಊರಿನ ಕ್ಲಿನಿಕ್‌ನಲ್ಲೇ ಹಿಂದಿನ ಸಂಜೆ ಡೆಕ್ಸಾ ಕೊಟ್ಟಿದ್ರಂತೆ, ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ. ಪಿಎಚ್ 7.38. ಎಕ್ಸ್‌ರೇ ಕ್ಲಿಯರ್ ಅಂದ್ರು. ಮತ್ತೆ ಕಳೆದ ವರ್ಷದ ಒಂದು ರಿಪೋರ್ಟ್ ಸಿಕ್ಕಿತು, ಆಗ ಆರಾಮಾಗಿದ್ರು: ಒಟ್ಟು 8,100, ಇಯೊಸಿನೊಫಿಲ್ 4%.

ಎದೆರೋಗ ಪಿಜಿ, ಮಂಗಳೂರು:
ಪಿಎಚ್ ಚೆನ್ನಾಗಿದೆ. ಇನ್ನು ಆ ಹಳೇ ಕಾಗದ, ಅದು ಈಗಿನ ಸೊನ್ನೆಗಿಂತ ಬೆಲೆಯುಳ್ಳದ್ದು. 8,100ರ 4% ಲೆಕ್ಕ ಹಾಕಿದ್ರೆ ಇಯೊಸಿನೊಫಿಲ್ ಎಣಿಕೆ 324 ಆಯ್ತು. ಆರಾಮಾಗಿರುವಾಗ 300 ದಾಟಿದವರಿಗೆ, ಹೀಗೆ ಪದೇ ಪದೇ ಉಲ್ಬಣ ಆಗುತ್ತಿದ್ರೆ, ಸ್ಟಿರಾಯ್ಡ್ ಇರುವ ಇನ್ಹೇಲರ್‌ನಿಂದ ಲಾಭ ಜಾಸ್ತಿ. ಡಿಸ್ಚಾರ್ಜ್ ದಿನ ಅದನ್ನೇ ಮೇಲಿಟ್ಟು ಡಾಕ್ಟ್ರಿಗೆ ತೋರಿಸಿ. ಮೈದುನನಿಗೆ ಗ್ರೂಪಿನಲ್ಲಿ ಅದನ್ನೂ ಹಾಕಲು ಹೇಳಿ. ಹಂಡೆಗೆ ಗೀಸರ್ ಆಯ್ತಾ?

ಬ್ರಹ್ಮಾವರದ ಸೊಸೆ:
ಆರ್ಡರ್ ಮಾಡಿದ್ದೇವೆ. ಅತ್ತೆಗೆ ಇನ್ನೂ ಹೇಳಿಲ್ಲ.