ಅಪ್‌ಡೇಟ್: ಕೋಲ್ಟ್ ರಿವಾಲ್ವರಿನ ಸಿಲಿಂಡರ್ ಕೊನೆಗೂ ಹೊರಗೆ ಬಂತು

ಹೋದ ವಾರ ಕೇಳಿದ್ದೆನಲ್ಲ, ಟೆಕ್ಸಾಸ್‌ನಲ್ಲಿ ನಮ್ಮ ಪಕ್ಕದ ಮನೆ ಅಜ್ಜನ ಹತ್ತಿರ ಇರುವ ಹಳೇ ಅಮೆರಿಕನ್ ಅಶ್ವದಳದ ಕೋಲ್ಟ್, 1873ರ ಮಾದರಿ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಹಿಡಿದಿರುವ ಪಿನ್ ಅಲುಗುತ್ತಿಲ್ಲ ಅಂತ. ಬಿಡಿಸಿದೆವು! ಗುಂಡಿಲ್ಲ ಅಂತ ಮೊದಲೇ ನೋಡಿಕೊಂಡಿದ್ದೆವು.

ಬಿಸಿ ಮಾಡಿ ಅಂದವರ ಮಾತು ಕೇಳಲಿಲ್ಲ, ಬಣ್ಣ ಹೋದರೆ ಬೆಲೆಯೂ ಹೋಗುತ್ತೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದ್ದು ನನ್ನ ತಪ್ಪು, ಜಾರಿ ಪಿನ್ ಹಿಡಿದಿರುವ ಸ್ಕ್ರೂ ತಲೆಯ ಸೀಳಿನ ಅಂಚು ಸ್ವಲ್ಪ ಕಿತ್ತಿತು. ಕೆಲಸ ಮಾಡಿದ್ದು ತುಕ್ಕು ಬಿಡಿಸೋ ಎಣ್ಣೆ ಹಾಕಿ ಮೂರು ದಿನ ಸುಮ್ನೆ ಇಡಿ, ಆಮೇಲೆ ಆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ತುದಿ ಹಾಕಿ ಅಂದ ಸಲಹೆ. ಥ್ಯಾಂಕ್ಸ್!

ಒಳಗೆ ಕರಿ ಕಿಟ್ಟ, ಹಳೇ ಕರಿಮದ್ದಿನದು. ಒರೆಸಿದಾಗ ಸಿಲಿಂಡರ್ ಮೇಲಿನ ನಂಬರ್ ಫ್ರೇಮಿನ (ರಿವಾಲ್ವರಿನ ಮುಖ್ಯ ಚೌಕಟ್ಟಿನ) ನಂಬರಿಗೆ ಹೊಂದಿತು. ಇದ್ಯಾಕೆ ದೊಡ್ಡ ಸುದ್ದಿ ಅಂದರೆ, 1890ರ ದಶಕದಲ್ಲಿ ಸೈನ್ಯ ಇವನ್ನು ಸಾವಿರಗಟ್ಟಲೆ ವಾಪಸ್ ತರಿಸಿ ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಕತ್ತರಿಸಿತ್ತು, ಬಿಡಿಭಾಗಗಳೂ ಅದಲು ಬದಲಾದವು. ಇದರ ನಳಿಗೆ ಇನ್ನೂ ಏಳೂವರೆ! ಅಜ್ಜ ಮಾತ್ರ, ‘ಮಾರಲ್ಲ, ಬಿಡು’ ಅಂದರು.