ಹೈಡ್ರೋ ಟೆಸ್ಟ್‌ನಲ್ಲಿ ಸ್ಕೂಬಾ ಸಿಲಿಂಡರ್ ಫೇಲ್, ಕತ್ತರಿಸುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಉಣಕಲ್_ಮೀನು (ಹುಬ್ಬಳ್ಳಿ)
ತಲೆ ಕೆಟ್ಟು ಹೋಗಿದೆ. ಡೈವಿಂಗ್ ಸಿಲಿಂಡರ್ ಹೈಡ್ರೋ ಟೆಸ್ಟ್‌ಗೆ, ಅಂದರೆ ನೀರಿನ ಒತ್ತಡದ ಪರೀಕ್ಷೆಗೆ, ಕೊಟ್ಟಿದ್ದೆ. ಇವತ್ತು ಫೋನ್ ಮಾಡಿ "ಫೇಲ್ ಆಗಿದೆ ಸರ್, ಕತ್ತರಿಸಿ ಕೊಡ್ತೀವಿ" ಅಂದರು. ದುಡ್ಡು ಕೊಟ್ಟು ತಂದ ಮಾಲು ನನ್ನದು, ಕತ್ತರಿಸೋಕೆ ಇವರ್ಯಾರು? ಹೊರಗಿನಿಂದ ನೋಡಿದರೆ ಒಂದು ಗೀರೂ ಇಲ್ಲ. ಹೋದ ಸೀಸನ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಒಯ್ದಿದ್ದೆ, ಒಂದು ಗುಳ್ಳೆಯೂ ಲೀಕ್ ಆಗಿರಲಿಲ್ಲ. ಮುರುಡೇಶ್ವರದಲ್ಲಿ ರೂಮ್ ಬೇರೆ ಬುಕ್ ಆಗಿದೆ. ಬೇರೆ ಕಡೆ ಟೆಸ್ಟ್ ಮಾಡಿಸಿದರೆ ಪಾಸ್ ಆಗುತ್ತದಾ? ಇಲ್ಲಾಂದರೆ ಈ ಆಕ್ಸಿಜನ್ ಸಿಲಿಂಡರ್‌ನಿಂದ ಬೇರೆ ಏನಾದರೂ ಉಪಯೋಗ ಇದೆಯಾ? ಗೊತ್ತಿರುವವರು ಬೇಗ ಹೇಳಿ.

ಹಳೇ_ವಾಲ್ವ್ (ಧಾರವಾಡ)
6351. ಬೇರೆ ಏನೂ ಇಲ್ಲ. ಆ ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದ ಸಿಲಿಂಡರ್‌ಗಳ ಕುತ್ತಿಗೆಯಲ್ಲಿ, ಥ್ರೆಡ್ ಹತ್ತಿರ, ಕೂದಲೆಳೆ ಬಿರುಕು ಬರುತ್ತದೆ. ವರ್ಷಗಟ್ಟಲೆ ಒತ್ತಡ ಹೊತ್ತು ಹೊತ್ತು ಬರುವ ಬಿರುಕು ಅದು. ಟಾರ್ಚ್ ಹಿಡಿದು ಒಳಗೆ ನೋಡಿ, ಕಾಣುತ್ತದೆ.

ತಾರಿಹಾಳ_ಲೇಥ್ (ಹುಬ್ಬಳ್ಳಿ)
ಅಲ್ಯೂಮಿನಿಯಮ್ಮೋ ಸ್ಟೀಲೋ ಅಂತಲೇ ಅವರು ಇನ್ನೂ ಹೇಳಿಲ್ಲವಲ್ರೀ. ಉಣಕಲ್ ಅವರೇ, ಸಿಲಿಂಡರ್‌ನ ಭುಜದ ಮೇಲೆ (ಕುತ್ತಿಗೆಯ ಕೆಳಗಿನ ಬಾಗಿನಲ್ಲಿ) ಏನೇನು ಗುದ್ದಿದ್ದಾರೆ ಅಷ್ಟನ್ನೂ ಹಾಕಿ. ಟೆಸ್ಟ್ ರಿಪೋರ್ಟ್‌ನಲ್ಲಿ ಪರ್ಮನೆಂಟ್ ಎಕ್ಸ್‌ಪಾನ್ಷನ್ (ಹಿಗ್ಗಿ ವಾಪಸ್ ಕುಗ್ಗದೆ ಉಳಿದದ್ದು) ಎಷ್ಟು ಪರ್ಸೆಂಟ್ ಅಂತ ಇರುತ್ತದೆ, ಅದನ್ನೂ ಹಾಕಿ. ಅದಿಲ್ಲದೆ ಎಲ್ಲ ಬರೀ ಊಹೆ.

ಬ್ಯಾಡಗಿ_ಖಾರ (ಹಾವೇರಿ)
ಮೊದಲು ಒಂದು ವಿಷಯ. ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಆಕ್ಸಿಜನ್ ಬರೀ 21 ಪರ್ಸೆಂಟ್. ಶುದ್ಧ ಆಕ್ಸಿಜನ್ ತುಂಬಿಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಫಿಟ್ಸ್ ಬಂದು ಅಲ್ಲೇ ಕಥೆ ಮುಗಿಯಬಹುದು. ಡೈವರ್‌ಗಳೇ ಹೀಗೆ ಬರೆದರೆ ಪೇಪರ್‌ನವರನ್ನು ಯಾಕೆ ಬೈಯಬೇಕು?

ಉಣಕಲ್_ಮೀನು
ಸರಿ ಗುರುಗಳೇ, ಗಾಳಿ ಸಿಲಿಂಡರ್. ಈಗ ಪ್ರಶ್ನೆಗೆ ಉತ್ತರ ಕೊಡುತ್ತೀರಾ? ಅಲ್ಯೂಮಿನಿಯಂ, ಎಲ್ಲರೂ ಬಳಸುವ 80 ಘನ ಅಡಿ ಸೈಜು. ರಿಪೋರ್ಟ್‌ನಲ್ಲಿ 13 ಪರ್ಸೆಂಟ್ ಅಂತಿದೆ. ನೂರಕ್ಕೆ 13 ಅಂದರೆ ಕಡಿಮೆ ಅಲ್ವಾ? 87 ಪಾಸ್ ಆದ ಹಾಗೆ ತಾನೇ?

ತಾರಿಹಾಳ_ಲೇಥ್
ಪರೀಕ್ಷೆ ಮಾರ್ಕ್ಸ್ ಅಲ್ಲ ಅದು! ಟೆಸ್ಟ್ ಹೇಗೆ ಮಾಡುತ್ತಾರೆ ಗೊತ್ತಾದರೆ ಅರ್ಥವಾಗುತ್ತದೆ. ಸಿಲಿಂಡರ್ ಒಳಗೆ ನೀರು ತುಂಬಿ, ನೀರು ತುಂಬಿದ ಇನ್ನೊಂದು ದೊಡ್ಡ ಕೊಳವೆಯೊಳಗೆ ಇಳಿಸಿ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಒಳಗೆ ಪ್ರೆಷರ್ ಏರಿಸುತ್ತಾರೆ. 3000 ಪಿಎಸ್‌ಐ (ಒತ್ತಡದ ಅಳತೆ) ಸಿಲಿಂಡರ್ ಆದರೆ 5000ದ ತನಕ. ಸಿಲಿಂಡರ್ ಉಬ್ಬಿದಷ್ಟು ಹೊರಗಿನ ನೀರು ಪಕ್ಕದ ಗಾಜಿನ ನಳಿಕೆಗೆ ಏರುತ್ತದೆ. ಅರ್ಧ ನಿಮಿಷವಾದರೂ ಹಾಗೇ ಹಿಡಿದು, ಪ್ರೆಷರ್ ಬಿಡುತ್ತಾರೆ. ನೀರು ಇಳಿಯುತ್ತದೆ. ಪೂರ್ತಿ ಸೊನ್ನೆಗೆ ಬರದೆ ಸ್ವಲ್ಪ ಮೇಲೆ ನಿಂತರೆ, ಅಷ್ಟರ ಮಟ್ಟಿಗೆ ಲೋಹ ಹಿಗ್ಗಿದ್ದು ವಾಪಸ್ ಕುಗ್ಗಿಲ್ಲ ಅಂತ. ಹಳೇ ಚಡ್ಡಿಯ ಇಲಾಸ್ಟಿಕ್ ಕಂಡಿದ್ದೀರಲ್ಲ, ಹಾಗೆ. ಒಟ್ಟು ಉಬ್ಬಿದ್ದರಲ್ಲಿ ಹೀಗೆ ಉಳಿದದ್ದು 10 ಪರ್ಸೆಂಟ್ ದಾಟಿದರೆ ಫೇಲ್. ನಿಮ್ಮದು 13.

ಗಾಳಿ ಬದಲು ನೀರು ಯಾಕೆ ಅಂದರೆ, ನೀರು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಟೆಸ್ಟ್‌ನಲ್ಲಿ ಒಡೆದರೂ ಟಪ್ ಅಂದು ಮುಗಿಯುತ್ತದೆ. ಅದೇ ಸಿಲಿಂಡರ್ ಗಾಳಿ ತುಂಬುವಾಗ ಒಡೆದರೆ ಗೋಡೆಯೂ ಇರುವುದಿಲ್ಲ, ತುಂಬುವ ಹುಡುಗನೂ ಇರುವುದಿಲ್ಲ.

ಹಳೇ_ವಾಲ್ವ್
ಅಲ್ಯೂಮಿನಿಯಂ ಅಂದರಲ್ಲ, ಮುಗಿಯಿತು. 6351. ಎಡಿ ಕರೆಂಟ್ ಟೆಸ್ಟ್ (ವಿದ್ಯುತ್ ಸುರುಳಿಯಿಂದ ಲೋಹದ ಬಿರುಕು ಹುಡುಕುವುದು) ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ಯಾರು ಕೇಳುತ್ತಾರೆ.

ತಾರಿಹಾಳ_ಲೇಥ್
ಸರ್, ಕುತ್ತಿಗೆಯ ಬಿರುಕು ಬೇರೆ, ಮೈ ಹಿಗ್ಗುವುದು ಬೇರೆ. ಬಿರುಕು ಹಿಡಿಯಲು ನೀವು ಹೇಳಿದ ಎಡಿ ಕರೆಂಟೇ ಸರಿ. ಆದರೆ ಇವರ ರಿಪೋರ್ಟ್ ಹೇಳುತ್ತಿರುವುದು ಹಿಗ್ಗಿದ ಕಥೆ. ಅಮೆರಿಕದಲ್ಲಿ ಸಿಲಿಂಡರ್ ತಯಾರಿಸುವ ಲಕ್ಸ್‌ಫರ್‌ನವರು 1988ರಲ್ಲೇ 6351 ಬಿಟ್ಟು 6061 ಅನ್ನುವ ಬೇರೆ ಮಿಶ್ರಲೋಹಕ್ಕೆ ಬಂದರು. ಇವರದ್ದು ಯಾವ ವರ್ಷದ್ದು ಅಂತ ನೋಡೋಣ ತಡೆಯಿರಿ.

ಉಣಕಲ್_ಮೀನು
ಈಗ ಅಂಗಡಿಗೇ ಬಂದಿದ್ದೇನೆ. 3ಎಎಲ್3000 (ಅಮೆರಿಕದ ಅಲ್ಯೂಮಿನಿಯಂ ಸಿಲಿಂಡರ್ ಗುರುತು, 3000 ಪಿಎಸ್‌ಐ), ತಯಾರಾದದ್ದು 2007. ಕಂಪನಿ ಹೆಸರು ಬೇಡ ಬಿಡಿ. ಸ್ಟಾಂಪ್ ಓದುವುದೇ ಕಷ್ಟವಾಯಿತು, ಮೇಲೆ ಕಪ್ಪು ಪೌಡರ್ ಕೋಟಿಂಗ್ ಇದೆ. ಮಾರಿದವರು ಹೊಸದಾಗಿ ಹಾಕಿಸಿ ಕೊಟ್ಟಿದ್ದರು. ಮಸ್ತ್ ಕಾಣುತ್ತದೆ.

ತಾರಿಹಾಳ_ಲೇಥ್
ಹೋಗ್ಲಿ ಬಿಡಿ, ಇದನ್ನು ಮೊದಲೇ ಹೇಳಬಾರದಿತ್ತೇನ್ರೀ? ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿ ಎರಚಿ ಭಟ್ಟಿಯಲ್ಲಿ ಬೇಯಿಸುವುದು. ಗೇಟು, ಗ್ರಿಲ್‌ಗೆ ಹಾಕುವಾಗ 180–200 ಡಿಗ್ರಿ ಇಡುತ್ತಾರೆ. 6061 ಅಲ್ಯೂಮಿನಿಯಂಗೆ ಗಟ್ಟಿತನ ಬಂದಿರುವುದೇ ಫ್ಯಾಕ್ಟರಿಯಲ್ಲಿ ಲೆಕ್ಕ ಹಾಕಿ ಕೊಟ್ಟ ಶಾಖದಿಂದ. ಆಮೇಲೆ ಯಾರೋ ಬಂದು ಮತ್ತೆ ಬೇಯಿಸಿದರೆ ಮೆತ್ತಗಾಗುತ್ತದೆ. ಅಮೆರಿಕದ ನಿಯಮದಲ್ಲಂತೂ ಅಲ್ಯೂಮಿನಿಯಂ ಸಿಲಿಂಡರ್ 177 ಡಿಗ್ರಿ ದಾಟಿದ್ದು ಗೊತ್ತಾದರೆ ಟೆಸ್ಟ್ ಕೂಡ ಮಾಡುವ ಹಾಗಿಲ್ಲ, ನೇರ ರದ್ದು. ನಿಮ್ಮದಕ್ಕೆ ಇದೇ ಕಾರಣ ಅಂತ ನಾನು ಬರೆದುಕೊಡುವುದಿಲ್ಲ. ಆದರೆ ನನ್ನ ಅನುಮಾನ ಪೂರ್ತಿ ಆ ಭಟ್ಟಿಯ ಮೇಲೆಯೇ.

ಹಳೇ_ವಾಲ್ವ್
2007 ಅನ್ನುವ ಸ್ಟಾಂಪ್ ನಿಜವೇ ಅಂತ ಯಾರಿಗೆ ಗೊತ್ತು? ಬಣ್ಣದ ಕೆಳಗೆ ಏನು ಬೇಕಾದರೂ ಗುದ್ದಬಹುದು.

ಬ್ಯಾಡಗಿ_ಖಾರ
ಅಣ್ಣಾ, ನಿಮ್ಮ 6351ಕ್ಕೆ ಒಂದು ಗುಡಿ ಕಟ್ಟಿಸಿ.

ಉಣಕಲ್_ಮೀನು
ಇನ್ನೊಂದು ಕಡೆ ಟೆಸ್ಟ್ ಮಾಡಿಸಬಹುದಾ ಅಂತ ಕೇಳಿದ್ದೆ. ಅದನ್ನು ಎಲ್ಲರೂ ನುಂಗಿಬಿಟ್ಟಿರಿ.

ತಾರಿಹಾಳ_ಲೇಥ್
ಮಷೀನಿನದೇ ತಪ್ಪು ಅಂತಿದ್ದರೆ ಮಾತ್ರ ಮರುಪರೀಕ್ಷೆಗೆ ಅರ್ಥ ಇದೆ. ಜಾಕೆಟ್‌ನಲ್ಲಿ, ಅಂದರೆ ಹೊರಗಿನ ನೀರಿನ ಕೊಳವೆಯಲ್ಲಿ, ಗಾಳಿಗುಳ್ಳೆ ಉಳಿದಿರಬಹುದು, ಸೀಲ್ ಜಿನುಗಿರಬಹುದು, ನೀರಿಗೂ ಸಿಲಿಂಡರ್‌ಗೂ ಬಿಸಿ ಹೊಂದಿರಲಿಕ್ಕಿಲ್ಲ. ಅದಕ್ಕೇ ಟೆಸ್ಟ್‌ಗೆ ಮುಂಚೆ, ಎಷ್ಟು ಉಬ್ಬುತ್ತದೆ ಅಂತ ಮೊದಲೇ ಗೊತ್ತಿರುವ ಒಂದು ಸಿಲಿಂಡರ್ ಹಾಕಿ ಮಷೀನ್ ಪರೀಕ್ಷಿಸುತ್ತಾರೆ. ಆ ದಿನದ ರೀಡಿಂಗ್ ತೋರಿಸಿ ಅಂತ ಕೇಳಿ. ಅದು ಸರಿ ಇದ್ದರೆ ಸುಮ್ನೆ ಊರೂರು ಹೊತ್ತು ತಿರುಗಬೇಡಿ. ಪಾಸ್ ಆಗುವ ತನಕ ಟೆಸ್ಟ್ ಮಾಡಿಸುವುದು ಟೆಸ್ಟೇ ಅಲ್ಲ.

ಗದಗ_ಗಾಳಿ (ಗದಗ)
ಇಷ್ಟೆಲ್ಲ ಯಾಕೆ? 5000ದಲ್ಲೂ ಒಡೆಯಲಿಲ್ಲ ಅಲ್ವಾ? ನನಗೆ ಕೊಡಿ. ಸ್ಪ್ರೇ ಪೇಂಟಿಂಗ್ ಕಂಪ್ರೆಸರ್‌ಗೆ ಟ್ಯಾಂಕ್ ಮಾಡಿಕೊಳ್ಳುತ್ತೇನೆ. 8 ಬಾರ್ ಅಂದರೆ 120 ಪಿಎಸ್‌ಐ ಕೂಡ ಇಲ್ಲ, ಅದಕ್ಕೆ ಯಾವ ಲೆಕ್ಕ?

ತಾರಿಹಾಳ_ಲೇಥ್
ನೀವು 8 ಬಾರ್ ಹಾಕುತ್ತೀರಿ, ಒಪ್ಪಿದೆ. ನಾಳೆ ನೀವು ಗುಜರಿಗೆ ಹಾಕಿದಾಗ ಕೊಂಡವನು? ಅವನಿಗೆ ಅದು ಹೊಳೆಯುವ ಕಪ್ಪು ಸಿಲಿಂಡರ್ ಅಷ್ಟೇ. ವಾಲ್ವ್ ಹಾಕಿ 200 ಬಾರ್ ತುಂಬಿಸುತ್ತಾನೆ. ಅದಕ್ಕೇ 2016ರ ಗ್ಯಾಸ್ ಸಿಲಿಂಡರ್ ನಿಯಮದಲ್ಲಿ ಫೇಲ್ ಆದದ್ದಕ್ಕೆ ಯಾವ ಗ್ಯಾಸೂ ತುಂಬುವ ಹಾಗಿಲ್ಲ ಅಂತಿದೆ. ಒಂದೋ ಚಪ್ಪಟೆ ಮಾಡಬೇಕು, ಇಲ್ಲಾ ಮತ್ತೆ ಜೋಡಿಸಲು ಬಾರದ ಹಾಗೆ ತುಂಡು ಮಾಡಬೇಕು. ಅಮೆರಿಕದಲ್ಲಿ ಸ್ವಲ್ಪ ಬೇರೆ. ಅಲ್ಲಿ ಸ್ಟಾಂಪ್ ಮೇಲೆ ಸಾಲಾಗಿ ಎಕ್ಸ್ ಗುದ್ದಿ ವಾಪಸ್ ಕೊಡಬಹುದು, ತೂತು ಹಾಕಬೇಕಾದರೆ ಮಾಲೀಕ ಹೇಳಬೇಕು. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಜಗಳ ಮಾಡಬೇಡಿ.

ಬ್ಯಾಡಗಿ_ಖಾರ
ಇದಕ್ಕೇ ನಾನು ಸ್ಟೀಲ್‌ಗೆ ಹೋದದ್ದು. 12 ಲೀಟರ್‌ನ ಜೋಡಿ, ಎರಡನ್ನೂ ಜೋಡಿಸುವ ಮ್ಯಾನಿಫೋಲ್ಡ್, ಬೆನ್ನಿಗೆ ಕಟ್ಟಲು ಸ್ಟೇನ್‌ಲೆಸ್ ಪ್ಲೇಟ್. ಅಲ್ಯೂಮಿನಿಯಂ 80 ಖಾಲಿಯಾಗುತ್ತಾ ಬಂದಂತೆ ತೇಲುತ್ತದೆ. ಅದನ್ನು ಒತ್ತಿ ಹಿಡಿಯಲು ಸುಮಾರು 2 ಕಿಲೋ ಸೀಸ ಜಾಸ್ತಿ ಕಟ್ಟಿಕೊಳ್ಳಬೇಕು. ನನಗೆ ಆ ತಲೆನೋವಿಲ್ಲ. ಫೋಟೋ ಹಾಕಲಾ?

ಹಳೇ_ವಾಲ್ವ್
ಹಾಕಿ. ಸ್ಟೀಲ್ ಒಳಗೆ ತುಕ್ಕು ಹಿಡಿಯುತ್ತದೆ, ಅದರ ಫೋಟೋವನ್ನೂ ಹಾಕಿ.

ಬ್ಯಾಡಗಿ_ಖಾರ
ಒಣ ಗಾಳಿ ತುಂಬಿಸಿದರೆ ಹಿಡಿಯುವುದಿಲ್ಲ. ಮೇಲ್ಮೈ ತುಕ್ಕಾದರೆ ಒಳಗೆ ಉಜ್ಜಿಸಿ ಮತ್ತೆ ಟೆಸ್ಟ್ ಮಾಡಿಸಬಹುದು. ನಿಮ್ಮ ಅಲ್ಯೂಮಿನಿಯಂ ಮೆತ್ತಗಾದರೆ ಏನು ಉಜ್ಜುತ್ತೀರಿ? ಮತ್ತೆ, ನೇತ್ರಾಣಿಗೆ ಕರೆದೊಯ್ಯುವವರು ಸಿಲಿಂಡರ್ ಸೇರಿಸಿಯೇ ದುಡ್ಡು ತೆಗೆದುಕೊಳ್ಳುತ್ತಾರೆ. ಅರಬೈಲ್ ಘಾಟ್‌ನಲ್ಲಿ ಡಿಕ್ಕಿಯಲ್ಲಿ 14 ಕಿಲೋ ಉರುಳಾಡಿಸಿಕೊಂಡು ಹೋಗುವ ಚಟ ಯಾಕೋ.

ಉಣಕಲ್_ಮೀನು
ಚಟ ನನ್ನದು, ಡಿಕ್ಕಿ ನನ್ನದು. ನಿಮ್ಮ ಜೋಡಿ ಸಿಲಿಂಡರ್ ಹಾರಿ ಬರುತ್ತದಾ?

ಮಷೀನಿನ ರೀಡಿಂಗ್ ತೋರಿಸಿದರು, ಸರಿ ಇತ್ತು. ಕೊಯ್ಯುವಾಗ ನಿಂತು ನೋಡಿದೆ. ಮೊದಲು ವಾಲ್ವ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಗರಗಸಕ್ಕೆ ಸುಮಾರು ಹೊತ್ತು ಹಿಡಿಯಿತು. ಗೋಡೆ ಹತ್ತಿರ ಹತ್ತಿರ 12 ಮಿಲಿಮೀಟರ್ ದಪ್ಪ ಇದೆ! ಇಷ್ಟು ದಪ್ಪದ್ದು ಹಿಗ್ಗುತ್ತದೆ ಅಂದರೆ ಈಗಲೂ ನಂಬಿಕೆ ಬರುತ್ತಿಲ್ಲ. ಭುಜದ ಸ್ಟಾಂಪ್ ಅಳಿಸಿ, ಮೈಯನ್ನು ಉದ್ದಕ್ಕೆ ಸೀಳಿದರು. ಕುತ್ತಿಗೆಯಲ್ಲಿ ಬಿರುಕು ಇರಲಿಲ್ಲ, ಹಳೇ ವಾಲ್ವ್ ಅವರೇ. ತುಂಡುಗಳನ್ನು ತೂಕಕ್ಕೆ ಹಾಕಿ ಬಂದೆ. ವಾಲ್ವ್‌ನ ಓ-ರಿಂಗ್ ಬದಲಿಸಿ ಮುಂದಿನದಕ್ಕೆ ಹಾಕಬಹುದಾ?

ತಾರಿಹಾಳ_ಲೇಥ್
ಹಾಕಬಹುದು. ಓ-ರಿಂಗ್ ಒಂದೇ ಸಾಲದು, ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ಒಡೆದು ಗಾಳಿ ಹೊರಬಿಡುವ ಬಿಲ್ಲೆ) ಕೂಡ ಬದಲಿಸಿ. ಹೊಸ ಸಿಲಿಂಡರ್‌ನ ಥ್ರೆಡ್ ಯಾವುದು ಅಂತ ನೋಡಿಕೊಳ್ಳಿ. 3/4 ಇಂಚಿನದೂ ಎಂ25ದೂ (25 ಮಿಲಿಮೀಟರ್) ನೋಡಲು ಒಂದೇ ತರ. ಒಂದರ ವಾಲ್ವ್ ಇನ್ನೊಂದರಲ್ಲಿ ಒಂದಿಷ್ಟು ಸುತ್ತು ತಿರುಗುತ್ತದೆ, ಆಮೇಲೆ ಪ್ರೆಷರ್‌ಗೆ ಗುಂಡಿನ ಹಾಗೆ ಹಾರುತ್ತದೆ. ಕೊಳ್ಳುವಾಗ ಪೆಸೋ (ಸಿಲಿಂಡರ್‌ಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಇದೆಯಾ ಅಂತಲೂ ಕೇಳಿ.

ಹಳೇ_ವಾಲ್ವ್
ಬಿರುಕು ಬರೀ ಕಣ್ಣಿಗೆ ಕಾಣುವುದಿಲ್ಲ.

ಗದಗ_ಗಾಳಿ
ಅದು ಹೋಯಿತಲ್ಲ, ನನ್ನ ಹತ್ತಿರ ಬೆಂಕಿ ಆರಿಸುವ ಹಳೇ ಸಿಒ2 ಸಿಲಿಂಡರ್ ಒಂದಿದೆ. ಸ್ಟೀಲು. ಅದರಲ್ಲಿ ಕಂಪ್ರೆಸರ್ ಟ್ಯಾಂಕ್ ಆಗುತ್ತದಾ? ಟೆಸ್ಟ್ ತಾರೀಖು ಉಜ್ಜಿ ಹೋಗಿದೆ.

ತಾರಿಹಾಳ_ಲೇಥ್
ಹೊಸ ಚರ್ಚೆ ತೆರೆಯಿರಿ. ಭುಜದ ಫೋಟೋ ಸಮೇತ.